ಆ ಕಪ್ಪು ಗೋಡೆಯ ಕಲ್ಲು ನಮ್ಮೂರಿನದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಅಮೆರಿಕದ ಸ್ಮಾರಕಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ತುಂಬಾ ಚೆನ್ನಾಗಿತ್ತು. ಆದರೆ ವಿಯೆಟ್ನಾಂ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕದ ಸೈನಿಕರಿಗಾಗಿ ವಾಷಿಂಗ್ಟನ್‌ನಲ್ಲಿ ಕಟ್ಟಿದ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ಬಂದಾಗ ‘ಕಪ್ಪು ಗ್ರಾನೈಟ್ ಗೋಡೆ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಗ್ರಾನೈಟ್ ಹೋಗಿದ್ದು ನಮ್ಮ ಬೆಂಗಳೂರಿನಿಂದ. ಬೆಂಗಳೂರಿನ ಪತ್ರಿಕೆಯಲ್ಲಿ ಆ ಒಂದು ಸಾಲು ಇರಬೇಕಿತ್ತು, ಅಲ್ವಾ?

ನಾನು ಜಿಗಣಿಯಲ್ಲಿ 27 ವರ್ಷ ಗ್ರಾನೈಟ್ ಪಾಲಿಶ್ ಕೆಲಸ ಮಾಡಿದವನು. ಕಪ್ಪು ಕಲ್ಲಿನ ಕೆಲಸ ಬಹಳ ಕಷ್ಟ. ಕೊಯ್ದು ಬಂದಾಗ ಅದು ಬೂದಿ ಬಣ್ಣ ಇರುತ್ತದೆ. ನೀರು ಬಿದ್ದರೆ ಕಪ್ಪಾಗುತ್ತದೆ, ಒಣಗಿದರೆ ಮತ್ತೆ ಬೂದಿ. ಒಣಗಿದ ಮೇಲೂ ಕಪ್ಪಾಗೇ ಉಳಿಯಬೇಕು ಅಂದರೆ ತರಿ ಕಲ್ಲಿನಿಂದ ಶುರು ಮಾಡಿ ನಯ ಕಲ್ಲಿನವರೆಗೆ ನೀರು ಬಿಟ್ಟುಕೊಂಡು ಉಜ್ಜುತ್ತಾ ಹೋಗಬೇಕು. ನಡುವೆ ಒಂದು ಸುತ್ತು ತಪ್ಪಿಸಿದರೂ ಗೀರು ಉಳಿಯುತ್ತದೆ. ಬಿಳಿ ಕಲ್ಲು ಗೀರನ್ನು ಬಚ್ಚಿಡುತ್ತದೆ, ಕಪ್ಪು ಕಲ್ಲು ಬಚ್ಚಿಡಲ್ಲ. ಕೊನೆಗೆ ನಮ್ಮ ಮೇಸ್ತ್ರಿ ಬಗ್ಗಿ, ಸ್ಲ್ಯಾಬಿನೊಳಗೆ ಶೆಡ್ಡಿನ ಟ್ಯೂಬ್‌ಲೈಟ್ ನೋಡುತ್ತಿದ್ದರು. ಲೈಟು ನೆಟ್ಟಗೆ ಕಂಡರೆ ಪಾಸು. ಅಂಚು ಸ್ವಲ್ಪ ಅಲುಗಿದಂತೆ ಕಂಡರೂ ಮತ್ತೆ ಮೆಷಿನ್ನಿಗೆ.

ಎರಡು ವರ್ಷದ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ವಾಷಿಂಗ್ಟನ್ ತೋರಿಸಲು ಕರೆದುಕೊಂಡು ಹೋದರು. ಮೊದಲು ನೋಡಿದ್ದು 555 ಅಡಿಯ ವಾಷಿಂಗ್ಟನ್ ಸ್ಮಾರಕ. ಸುಮಾರು 150 ಅಡಿ ಎತ್ತರದಲ್ಲಿ ಅದರ ಕಲ್ಲಿನ ಬಣ್ಣ ಬೇರೆಯಾಗುತ್ತದೆ. ‘ಇಲ್ಲಿ ಕ್ವಾರಿ ಬದಲಾಗಿದೆ’ ಅಂದೆ. ಹೌದಂತೆ. 1848ರಲ್ಲಿ ಶುರುವಾದ ಕೆಲಸ ದುಡ್ಡಿಲ್ಲದೆ 1854ರಲ್ಲಿ ನಿಂತಿತ್ತು. ಮತ್ತೆ ಕೈ ಹಚ್ಚಿದ್ದು 1879ರಲ್ಲಿ. ಮುಗಿದದ್ದು 1884ರಲ್ಲಿ. ಅಷ್ಟು ವರ್ಷ ಬಿಟ್ಟರೆ ಅದೇ ಕಲ್ಲು ಎಲ್ಲಿ ಸಿಗುತ್ತದೆ?

ಅಲ್ಲಿಂದ ನಡೆದುಕೊಂಡೇ ಆ ಕಪ್ಪು ಗೋಡೆಗೆ ಹೋದೆವು. ದೂರದಿಂದ ಕಾಣುವುದೇ ಇಲ್ಲ. ಹುಲ್ಲಿನ ನೆಲ ಇಳಿಯುತ್ತಾ ಹೋಗುತ್ತದೆ, ಪಕ್ಕದಲ್ಲಿ ಗೋಡೆ ಏಳುತ್ತಾ ಹೋಗುತ್ತದೆ. ತುದಿಯಲ್ಲಿ ಗೇಣುದ್ದ, ನಡುವೆ ಹತ್ತು ಅಡಿ. ಎರಡು ಕೈ ಚಾಚಿದ ಹಾಗೆ ಎರಡು ಗೋಡೆ. ಒಂದೊಂದೂ 246 ಅಡಿಗಿಂತ ಉದ್ದ. ಒಂದು ಕೈ ವಾಷಿಂಗ್ಟನ್ ಸ್ಮಾರಕದ ಕಡೆಗೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆಗೆ. ಮೇಲೆ 58,000ಕ್ಕೂ ಜಾಸ್ತಿ ಹೆಸರು. ದೊಡ್ಡವರು ಚಿಕ್ಕವರು ಅಂತಿಲ್ಲ. ಸತ್ತ ದಿನದ ಲೆಕ್ಕದಲ್ಲಿ ಸಾಲಾಗಿ ಇವೆ.

ಇದನ್ನು ರೂಪಿಸಿದವರು ಮಾಯಾ ಲಿನ್. ಆಗ 21 ವರ್ಷ, ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗಿ. 1981ರ ಸ್ಪರ್ಧೆಗೆ 1,421 ನಕ್ಷೆ ಬಂದಿದ್ದವು. ತೀರ್ಪುಗಾರರ ಮುಂದೆ ಹೆಸರಿರಲಿಲ್ಲ, ನಂಬರ್ ಮಾತ್ರ. ಈಕೆಯದು 1026. ಕಪ್ಪು ಬಣ್ಣ ಅವಮಾನ ಅಂತ ಆಗ ಕೆಲವರು ಜಗಳ ತೆಗೆದಿದ್ದರು. ಅವರು ಪಾಲಿಶ್ ಆದ ಕಪ್ಪು ಕಲ್ಲಿನ ಮುಂದೆ ನಿಂತಿರಲಿಲ್ಲ ಅನ್ನಿಸುತ್ತದೆ. ನಾನು ಅಭ್ಯಾಸಬಲದಿಂದ ಬಗ್ಗಿ ನೋಡಿದೆ. ಆಕಾಶ, ಮರ, ನನ್ನ ಸ್ವೆಟರ್, ಮಗಳ ಮುಖ, ಎಲ್ಲ ನೆಟ್ಟಗೆ ಕಂಡವು. ಆ ಹೆಸರುಗಳ ಹಿಂದೆ ನಾವೇ ನಿಂತಿದ್ದೆವು. ಅಕ್ಷರ ಕೊರೆದ ಕಡೆ ಪಾಲಿಶ್ ಹೋಗಿ ಕಲ್ಲಿನ ಬೂದಿ ಬಣ್ಣ ಬಂದಿದೆ. ಅದರಿಂದಲೇ ಅರ್ಧ ಇಂಚಿನ ಅಕ್ಷರವೂ ಓದಲು ಸಿಗುತ್ತದೆ. ಬಣ್ಣ ತುಂಬುವ ಅಗತ್ಯವೇ ಇಲ್ಲ.

ಪಕ್ಕದಲ್ಲಿ ಒಬ್ಬ ಅಜ್ಜಿ ಒಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದರು. ಒಂದೊಂದೇ ಅಕ್ಷರ ಕಾಗದಕ್ಕೆ ಬಂತು. ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಅಂಗೈ ಇಟ್ಟರು. ನಾನೂ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ನನ್ನ ಕಣ್ಣು ತುಂಬಿ ಬಂತು.

ಸತ್ತವರಿಗೆ ಕಲ್ಲು ನಿಲ್ಲಿಸುವುದು ನಮಗೆ ಹೊಸದಲ್ಲ. ಬೇಗೂರಿನಲ್ಲಿ ಬೆಂಗಳೂರು ಕಾಳಗದ ಹೆಸರಿರುವ ವೀರಗಲ್ಲಿಗೆ ಸಾವಿರ ವರ್ಷ ದಾಟಿದೆ. ಕಲ್ಲು ಎಬ್ಬಿಸುವುದೂ ನಮ್ಮ ಕಡೆಯವರಿಗೆ ಹೊಸದಲ್ಲ.

ಆ ಗೋಡೆಯ ಕಲ್ಲನ್ನು ಕೊಯ್ದು ಸಿದ್ಧ ಮಾಡಿದ್ದು ಅಮೆರಿಕದ ವರ್ಮಾಂಟ್‌ ರಾಜ್ಯದ ಬ್ಯಾರಿ ಊರಿನಲ್ಲಿ. ಹೆಸರು ಕೊರೆದದ್ದು ಮೆಂಫಿಸ್‌ನಲ್ಲಿ. 1982ರ ಮಾರ್ಚ್‌ನಲ್ಲಿ ನೆಲ ಅಗೆದು ನವೆಂಬರ್ 13ಕ್ಕೆ ಜನರಿಗೆ ಒಪ್ಪಿಸಿದರು. ಅವರ ಕೆಲಸ ದೊಡ್ಡದು. ಆದರೆ ಅದಕ್ಕೂ ಮೊದಲು ಇಲ್ಲಿ ಯಾರೋ ಬಂಡೆಗೆ ಸಾಲಾಗಿ ತೂತು ಹೊಡೆದಿದ್ದಾರೆ. ಬಿರುಕಿಲ್ಲದ ಬ್ಲಾಕ್ ಬೇಕು ಅಂತ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿದ್ದಾರೆ. ಸರಪಳಿ ಬಿಗಿದು ಲಾರಿಗೆ ಏರಿಸಿದ್ದಾರೆ. ಆಗ ಇಪ್ಪತ್ತು ವರ್ಷದವರಿಗೆ ಈಗ ಅರವತ್ತು ದಾಟಿದೆ. ದೂಳು ಕುಡಿದ ಎದೆ. ಜಾಸ್ತಿ ದಿನ ಕಾಯಲು ಆಗುವುದಿಲ್ಲ.

1981-82ರಲ್ಲಿ ಬೆಂಗಳೂರು ಸುತ್ತಮುತ್ತ ಕಪ್ಪು ಕಲ್ಲಿನ ಕ್ವಾರಿಯಲ್ಲಿ ದುಡಿದವರು, ಅವರ ಮಕ್ಕಳು, ಬ್ಲಾಕ್ ಸಾಗಿಸಿದ ಲಾರಿಯವರು ಯಾರೇ ಇದ್ದರೂ ಪತ್ರಿಕೆಗೆ ನಾಲ್ಕು ಸಾಲು ಬರೆಯಲಿ. ನೀವು ದಯವಿಟ್ಟು ಅದಕ್ಕೆ ಜಾಗ ಕೊಡಿ. ಬರೆಯಲು ಬಾರದವರಿದ್ದರೆ ತಿಳಿಸಿ. ನಾನೇ ಬಸ್ಸು ಹತ್ತಿ ಅವರ ಮನೆಗೆ ಹೋಗಿ ಬರೆದುಕೊಂಡು ಬರುತ್ತೇನೆ.

– ಒಬ್ಬ ನಿವೃತ್ತ ಗ್ರಾನೈಟ್ ಕೆಲಸಗಾರ, ಆನೇಕಲ್, ಬೆಂಗಳೂರು