ಭಾನುವಾರದ ಸಭೆ: ಬಡಾವಣೆಯ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಕಳೆದ ವಾರ ಉದ್ಯಾನದ ಹಿಂದಿನ ಖಾಲಿ ನಿವೇಶನವನ್ನು ಸ್ವಚ್ಛಗೊಳಿಸಲು ಇಳಿದಿದ್ದ ನಮ್ಮ ಹೈಸ್ಕೂಲು ಮಕ್ಕಳಿಗೆ, ಕೊನೆಯವರೆಗೂ ಹಿಂಡಿದ ಪಂಕ್ಚರ್ ಸೊಲ್ಯೂಷನ್ ಟ್ಯೂಬುಗಳೂ ಒಳಗೆ ಅಂಟು ಒಣಗಿದ ಹಾಲಿನ ಪ್ಯಾಕೆಟ್ಟುಗಳೂ ಸಿಕ್ಕಿವೆ. ಹುಡುಗರು ನಶೆಗಾಗಿ ಈ ಅಂಟನ್ನು ಮೂಸುತ್ತಿರುವುದರ ಗುರುತು ಇದು. ದಿನವೂ ಅದೇ ದಾರಿಯಲ್ಲಿ ವಾಕಿಂಗ್ ಹೋಗುವ ನಮ್ಮ ಕಣ್ಣಿಗೆ ಬೀಳದ್ದನ್ನು ಅವರು ಕಂಡು ಹೇಳಿದ್ದಾರೆ. ಆದ್ದರಿಂದ ಭಾನುವಾರ ಸಂಜೆ 5 ಗಂಟೆಗೆ ಸಮುದಾಯ ಭವನದಲ್ಲಿ ನಡೆಯುವ ಸಭೆಯಲ್ಲಿ ಮೊದಲು ಮಕ್ಕಳೇ ಮಾತನಾಡಲಿದ್ದಾರೆ. ನಡುವೆ ಯಾರೂ ಬುದ್ಧಿವಾದಕ್ಕೆ ಇಳಿಯಬಾರದೆಂದು ವಿನಂತಿ.

ಯಾವ ಹುಡುಗನ ಹೆಸರನ್ನಾಗಲಿ ಫೋಟೋವನ್ನಾಗಲಿ ಈ ಗುಂಪಿನಲ್ಲಿ ಹಾಕಬಾರದು. ಚಟಕ್ಕೆ ಬಿದ್ದವರನ್ನು ಹಿಡಿದುಕೊಡುವ ಉತ್ಸಾಹ ಕೆಲವರಲ್ಲಿ ಕಾಣುತ್ತಿದೆ. ಆದರೆ 1985ರ ಮಾದಕವಸ್ತು ಕಾಯ್ದೆಯ 64ಎ ಕಲಮೇ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಶಿಕ್ಷೆಯ ಭಯವಿರಬೇಕಾದದ್ದು ಕೊಡುವವರಿಗೆ: ವೈದ್ಯರ ಸೂಚನೆಯಿಲ್ಲದೆ ಮಕ್ಕಳಿಗೆ ಮದ್ಯ, ತಂಬಾಕು ಅಥವಾ ಮಾದಕವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಸೊಲ್ಯೂಷನ್, ವೈಟ್ನರ್‌ಗಳ ಮಾತು ಬೇರೆ. ಅವು ದಿನಬಳಕೆಯ ಸರಕಾದ್ದರಿಂದ ಸೈಕಲ್ ಶಾಪ್ ಮತ್ತು ಸ್ಟೇಷನರಿ ಅಂಗಡಿಯವರನ್ನೂ ಸಭೆಗೆ ಕರೆದಿದ್ದೇವೆ, ಮಕ್ಕಳ ಕೈಗೆ ಅವನ್ನು ಮಾರದಂತೆ ಅವರಲ್ಲೇ ಕೇಳಿಕೊಳ್ಳೋಣ.

ಚಿಕಿತ್ಸೆಯ ಸಲಹೆಗೆ 14446ಕ್ಕೂ, ಮಾರಾಟದ ಸುಳಿವು ಸಿಕ್ಕರೆ 1933ಕ್ಕೂ ನೇರವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಆ ನಿವೇಶನದ ಬಳಿ ಬೀದಿದೀಪ ಹಾಕಿಸುವ ಅರ್ಜಿಗೆ ಸಭೆಯಲ್ಲೇ ಸಹಿ ಮಾಡಬೇಕಾಗಿ ಕೋರಿಕೆ.