ಮೊದಲ ಕಾಗದ ಬರೆಯುವವರಿಗೆ ತರಬೇತಿ ಕೊಡಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ವಕೀಲೆ. ಕೌಟುಂಬಿಕ ದೌರ್ಜನ್ಯದ ಕೇಸುಗಳಲ್ಲಿ ನಮ್ಮ ಕೆಲಸದ ಒಂದು ಪಾಲನ್ನು ವಕೀಲರಲ್ಲದವರಿಗೆ ಕಲಿಸಿ ಎಂದು ಕೇಳಲು ಈ ಪತ್ರ. ನಮ್ಮವರಲ್ಲೇ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಇರಲಿ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅರ್ಜಿ ಬಂದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಎನ್ನುತ್ತದೆ ಕಾಯ್ದೆ. ಹಾಗೆ ನಡೆಯುತ್ತದೆಯೇ ಅಂತ ಕೋರ್ಟಿಗೆ ಅಲೆದವರನ್ನೇ ಕೇಳಿ. ಇನ್ನೊಂದು ಮಾತು 12ನೇ ಕಲಮಿನಲ್ಲಿದೆ. ನೊಂದ ಮಹಿಳೆಯೇ ಅರ್ಜಿ ಹಾಕಬೇಕೆಂದಿಲ್ಲ. ಈ ಕಾಯ್ದೆಯಡಿ ನೊಂದವರ ನೆರವಿಗೆ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ಹಾಕಬಹುದು, ಅವಳ ಪರವಾಗಿ ಬೇರೆ ಯಾರಾದರೂ ಹಾಕಬಹುದು. ವಕೀಲರೇ ಆಗಬೇಕು ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ಕೇಸು ಸೊರಗುವುದು ಬಹಳ ಸಲ ಮೊದಲ ಕಾಗದದಲ್ಲೇ. ಅದು ಮನೆಯಲ್ಲಿ ನಡೆದ ಹಿಂಸೆಯ ವಿವರ ಬರೆದು ಮ್ಯಾಜಿಸ್ಟ್ರೇಟರಿಗೆ ಕೊಡುವ ಕೌಟುಂಬಿಕ ಘಟನಾ ವರದಿ, ನಾವು ಡಿಐಆರ್ ಅನ್ನುತ್ತೇವೆ. 23ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಮಹಿಳೆಯ ಅಫಿಡವಿಟ್ ನೋಡಿ, ಗಂಡನ ಕಡೆಯವರು ಬರುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಆದರೆ ಕಾಗದದಲ್ಲಿ "ಗಂಡ ದಿನಾ ಹಿಂಸೆ ಕೊಡುತ್ತಾನೆ" ಅಂತ ಒಂದೇ ಸಾಲು ಇದ್ದರೆ ಅವರಾದರೂ ಏನು ಮಾಡಿಯಾರು? ಯಾವತ್ತು ಹೊಡೆದ, ಯಾವುದರಲ್ಲಿ ಹೊಡೆದ, ಮಕ್ಕಳು ಎಲ್ಲಿದ್ದರು, ಯಾವ ಆಸ್ಪತ್ರೆಗೆ ಹೋದಳು, ಚೀಟಿ ಇದೆಯಾ? ಎಟಿಎಂ ಕಾರ್ಡ್ ಕಿತ್ತುಕೊಂಡಿದ್ದಾನಾ, ಒಡವೆ ಅಡ ಇಟ್ಟಿದ್ದಾನಾ? ಅದೂ ಕಾಯ್ದೆಯಲ್ಲಿ ದೌರ್ಜನ್ಯವೇ, ಆದರೆ ಯಾರೂ ಕೇಳದಿದ್ದರೆ ಅವಳು ತಾನಾಗಿ ಹೇಳುವುದಿಲ್ಲ. ಕುತ್ತಿಗೆ ಹಿಸುಕಿದ್ದನ್ನಂತೂ "ಜಗಳದಲ್ಲಿ ಆಗಿದ್ದು" ಎಂದು ಹೇಳಿ ಸುಮ್ಮನಾಗುತ್ತಾರೆ. ಪ್ರಾಣಕ್ಕೆ ಅಪಾಯ ಇದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸೂಚನೆ ಬೇಕಾ?

ತಾಲೂಕುಗಳಲ್ಲಿ ಸಂರಕ್ಷಣಾಧಿಕಾರಿ ಎಂದರೆ ಸಾಮಾನ್ಯವಾಗಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ, ಪೌಷ್ಟಿಕ ಆಹಾರ, ಮೀಟಿಂಗು ಎಲ್ಲ ಮುಗಿಸಿ ಈ ಕೆಲಸ. ಅವರನ್ನು ದೂರುತ್ತಿಲ್ಲ. ಅವರ ಪಕ್ಕಕ್ಕೆ ಕೈ ಬೇಕು. ಆ ಕೈಗಳು ಈಗಾಗಲೇ ಇವೆ: ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದ ಸಮಾಲೋಚಕಿಯರು, ಸಖಿ ಕೇಂದ್ರದವರು, ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರು (ವಕೀಲರಲ್ಲದಿದ್ದರೂ ಕಾನೂನಿನ ತರಬೇತಿ ಪಡೆದು ಜನರಿಗೆ ನೆರವಾಗುವವರು). ಈ ಸ್ವಯಂಸೇವಕರ ಯೋಜನೆ 2009ರದ್ದು. ನಾನು ಕಂಡಷ್ಟು ತರಬೇತಿಯಲ್ಲಿ ಎಲ್ಲ ಕಾಯ್ದೆಗಳ ಪರಿಚಯ ಇರುತ್ತದೆ, ಒಂದು ಡಿಐಆರ್ ಕೂತು ಬರೆಸುವುದಿಲ್ಲ. ಭಾಷಣ ಕೇಳಿ ಯಾರಿಗೂ ಇದು ಬರುವುದಿಲ್ಲ. ಹೆಸರು ತೆಗೆದ ಹಳೆಯ ಕಡತಗಳನ್ನು ಕೊಟ್ಟು ಬರೆಸಿ, ತಿದ್ದಿ, ಮತ್ತೆ ಬರೆಸಬೇಕು.

ಬರೆಯುವುದಕ್ಕಿಂತ ಕಷ್ಟದ್ದು ಬಾಯಿ ಹಿಡಿತದಲ್ಲಿಡುವುದು. "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎನ್ನುವ ಚಟ ನಮ್ಮಲ್ಲಿ ಜಾಸ್ತಿ, ವಕೀಲರೂ ಇದಕ್ಕೆ ಹೊರತಲ್ಲ. ಮನೆ ಬಿಡಬೇಕೋ ಬೇಡವೋ ಎಂಬುದು ಅವಳ ತೀರ್ಮಾನ. ಗಂಡ ನೋಡುವ ಫೋನಿಗೆ ಮೆಸೇಜ್ ಕಳಿಸಬಾರದು ಎಂಬ ಸಣ್ಣ ವಿಷಯವೂ ಪಾಠದಲ್ಲಿರಬೇಕು.

ವಕೀಲರಲ್ಲದವರು ಕಾನೂನು ಹೇಳುವುದು ತಪ್ಪಲ್ವಾ ಎಂಬ ಆಕ್ಷೇಪ ಬರುತ್ತದೆ. ವಾದ ಮಾಡುವುದು ಬೇರೆ. ಫಾರಂ ತುಂಬಿಸುವುದು, ಹಕ್ಕು ತಿಳಿಸುವುದು, ಕೋರ್ಟಿಗೆ ಜೊತೆ ಹೋಗುವುದು ಬೇರೆ. ವಿಚ್ಛೇದನ, ಆಸ್ತಿ, ಮಕ್ಕಳ ಸುಪರ್ದಿನ ತಕರಾರು ಬಂದ ಕೂಡಲೇ ಉಚಿತ ಕಾನೂನು ನೆರವಿನ ವಕೀಲರಿಗೆ ಒಪ್ಪಿಸಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಆ ನೆರವು ಸಿಗಬೇಕು. ಅಮೆರಿಕದ ಅರಿಜೋನಾ ರಾಜ್ಯ ಇಂಥ ಸಹಾಯಕರಿಗೆ ತರಬೇತಿ ಜೊತೆ ಪರವಾನಗಿಯನ್ನೇ ಕೊಟ್ಟಿದೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

ಹಾಗಾಗಿ ನಿಮ್ಮ ಇಲಾಖೆ ಮತ್ತು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಒಟ್ಟಿಗೆ ಕೂತು ಈ ತರಬೇತಿಯ ಪಠ್ಯ ಮಾಡಲಿ, ಕನ್ನಡದಲ್ಲೇ. ತರಬೇತಿ ಪಡೆದವರು ಏನು ಮಾಡಬಹುದು, ಏನು ಮಾಡಬಾರದು ಎಂದು ಬರೆದು ಕೊಡಿ. ಸಂದೇಹ ಬಂದಾಗ ಫೋನ್ ಎತ್ತುವ ಒಬ್ಬ ವಕೀಲರನ್ನು ಪ್ರತಿ ತಾಲೂಕಿಗೆ ಗೊತ್ತುಮಾಡಿ. ನನ್ನ ತಾಲೂಕಿಗೆ ನಾನು ತಯಾರಿದ್ದೇನೆ. ಹಾಗೆಯೇ ದುಡಿದವರಿಗೆ ಗೌರವಧನ ತಿಂಗಳು ತಿಂಗಳು ಬರಲಿ. ಬಸ್ ಚಾರ್ಜು ಕೈಯಿಂದ ಹಾಕಿಕೊಂಡು ಯಾರೂ ಬಹಳ ದಿನ ಕೋರ್ಟಿಗೆ ಬರುವುದಿಲ್ಲ.

ಇತಿ,
ತಾಲೂಕು ಕೋರ್ಟಿನ ಒಬ್ಬ ವಕೀಲೆ