ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ

ಮಂಡ್ಯ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನೀನು ವಾಟ್ಸಾಪಿನಲ್ಲಿ ಕಳಿಸಿದ್ದೆಯಲ್ಲ, ನೋಡಿದೆ. ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್ ಎಸ್‌ಆರ್ 500, ವೋಗ್ಲಿಬೋಸ್ 0.2. ಮೂರೂ ಒಂದೇ ಮಾತ್ರೆಯಲ್ಲಿ. ಬೆಳಿಗ್ಗೆ ಒಂದು, ರಾತ್ರಿ ಒಂದು. 'ಒಂದೇ ಮಾತ್ರೆ ತಾನೇ ದೊಡ್ಡಪ್ಪ, ನುಂಗಿದರಾಯಿತು' ಅಂತ ಕೆಳಗೆ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಮೆಡಿಕಲ್ ಸ್ಟೋರ್ ಗಲ್ಲಾದ ಹಿಂದೆ ತಲೆ ನರೆಸಿಕೊಂಡವನು. ಡೋಸ್ ಏರಿಸುವುದು ಇಳಿಸುವುದು ಅವರ ಕೆಲಸ. ಮಾತ್ರೆ ಮನೆಗೆ ಹೋದ ಮೇಲೆ ಜನ ಅದನ್ನು ಏನೇನು ಮಾಡುತ್ತಾರೆ ಅನ್ನುವುದನ್ನು ಮಾತ್ರ ನಾನು ಬೇಕಾದಷ್ಟು ನೋಡಿದ್ದೇನೆ.

ಆ ಮೂರರಲ್ಲಿ ನಿನ್ನನ್ನು ಬೀಳಿಸುವ ತಾಕತ್ತು ಇರುವುದು ಗ್ಲಿಮೆಪಿರೈಡಿಗೆ. ಅದು ಮೇದೋಜೀರಕ ಗ್ರಂಥಿಯನ್ನು ತಿವಿದು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ನೀನು ಉಂಡಿದ್ದೀಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮೆಟ್‌ಫಾರ್ಮಿನ್ ಹಾಗಲ್ಲ. ಅದು ಮುಖ್ಯವಾಗಿ ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ, ಒಂದನ್ನೇ ತೆಗೆದುಕೊಂಡರೆ ಶುಗರ್ ತೀರಾ ಕೆಳಗೆ ಹೋಗುವುದು ಅಪರೂಪ. ವೋಗ್ಲಿಬೋಸ್ ಕರುಳಿನಲ್ಲಿ ಕೂತು, ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಮೂರಕ್ಕೂ ಊಟದ ಜೊತೆಯೇ ನಂಟು. ಆದ್ದರಿಂದ ಗಂಟೆ ನೋಡಿ ಮಾತ್ರೆ ನುಂಗಬೇಡ. ತಟ್ಟೆ ಮುಂದೆ ಬರಲಿ, ಮಾತ್ರೆ ಬಾಯಿಗೆ ಹಾಕಿಕೋ, ಕೂಡಲೇ ತುತ್ತು ಇಡು. ಉಪ್ಪಿಟ್ಟೋ ಮುದ್ದೆಯೋ ಅದು ಆಮೇಲಿನ ಮಾತು.

ನಮ್ಮ ಕಡೆ ಮದುವೆಗಳಲ್ಲಿ ಇದು ಹೇಗೆ ಕೆಡುತ್ತದೆ ಗೊತ್ತಾ? ಆರತಕ್ಷತೆಗೆ ಹೋಗಿರುತ್ತಾರೆ. ಎಂಟು ಗಂಟೆ ಆಯಿತು ಅಂತ ಜೇಬಿನಿಂದ ಮಾತ್ರೆ ತೆಗೆದು ನುಂಗುತ್ತಾರೆ. ಆಮೇಲೆ ಗಂಡು ಹೆಣ್ಣಿಗೆ ಮುಯ್ಯಿ ಕೊಡುವ ಸಾಲು, ಫೋಟೋ, ನೆಂಟರ ಮಾತು, ಊಟದ ಪಂಕ್ತಿಗೆ ನೂಕಾಟ. ಎಲೆ ಮುಂದೆ ಕೂರುವಷ್ಟರಲ್ಲಿ ಹತ್ತೂವರೆ. ಅಷ್ಟರಲ್ಲಿ ಮೈಯೆಲ್ಲ ಬೆವರು, ಕೈ ನಡುಕ, ಸುಮ್ನೆ ಸಿಟ್ಟು. ಕುಡಿದಿದ್ದಾನೆ ಅಂತ ಪಕ್ಕದವರು ಪಿಸುಗುಟ್ಟಿದ್ದನ್ನೂ ನಾನು ಕೇಳಿದ್ದೇನೆ.

ನಿನ್ನದು ಇನ್ನೂ ಕಷ್ಟದ ಕೇಸು. ಮೈಸೂರಿನಿಂದ ನಂಜನಗೂಡಿನ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುವವನು. ನೈಟ್ ಶಿಫ್ಟಿನಲ್ಲಿ ನಿನ್ನ ದೊಡ್ಡ ಊಟ ಯಾವಾಗ? ಬೆಳಿಗ್ಗೆ ಬಂದು ತಿಂಡಿ ತಿಂದು ಮಲಗುತ್ತೀಯೋ, ಹಾಗೇ ಮಲಗುತ್ತೀಯೋ? ಇದನ್ನು ಡಾಕ್ಟರಿಗೆ ಹೇಳಿದ್ದೀಯಾ? ಹೇಳಿರಲಿಕ್ಕಿಲ್ಲ. ಅವರೂ ಕೇಳಿರಲಿಕ್ಕಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿರುತ್ತಾರೆ. ಮುಂದಿನ ಸಲ ಮೂರು ಶಿಫ್ಟಿನ ಊಟದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಯಾವ ಶಿಫ್ಟಿಗೆ ಯಾವಾಗ ಮಾತ್ರೆ ಅಂತ ಚೀಟಿಯಲ್ಲೇ ಬರೆಸಿಕೋ. ಶ್ರಾವಣ ಶನಿವಾರ ಒಪ್ಪೊತ್ತು, ಶಿವರಾತ್ರಿ ಉಪವಾಸ ಎಲ್ಲ ಇದ್ದರೆ ಅದನ್ನೂ ಮೊದಲೇ ಕೇಳು. ಊಟ ಬಿಟ್ಟು ಈ ಮಾತ್ರೆ ನುಂಗುವ ಹಾಗಿಲ್ಲ. ಒಂದು ಹೊತ್ತಿನದು ಮರೆತುಹೋದರೆ ಮರೆತುಹೋಯಿತು, ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬೇಡ.

ಈಗ ಲೋ ಶುಗರ್ ವಿಷಯ, ಇದನ್ನು ಎರಡು ಸಲ ಓದು. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಲೋ. ಮೀಟರ್ ಹತ್ತಿರ ಇಲ್ಲದಿದ್ದರೆ ಬೆವರು, ನಡುಕ, ಎದೆ ಡವಗುಟ್ಟುವುದು, ತಡೆಯಲಾಗದ ಹಸಿವು, ಕಣ್ಣು ಮಂಜಾಗುವುದು, ಇಷ್ಟು ಸಾಕು. ಆಗ ಎಲ್ಲರೂ ಒಂದು ಹಿಡಿ ಸಕ್ಕರೆಯನ್ನೋ ಬೆಲ್ಲದ ಚೂರನ್ನೋ ಬಾಯಿಗೆ ಹಾಕಿ ಅನ್ನುತ್ತಾರೆ. ಬೇರೆಯವರಿಗೆ ಸರಿ. ನಿನ್ನ ಮಾತ್ರೆಯಲ್ಲಿ ವೋಗ್ಲಿಬೋಸ್ ಇದೆಯಲ್ಲ, ಅದರಿಂದಾಗಿ ನಿನಗೆ ಅದು ಬೇಗ ಹತ್ತುವುದಿಲ್ಲ. ಸಕ್ಕರೆ ಅಂದರೆ ಎರಡು ಬಗೆಯ ಸಿಹಿ ಒಂದಕ್ಕೊಂದು ಅಂಟಿಕೊಂಡದ್ದು. ಕರುಳಿನಲ್ಲಿ ಅದು ಬಿಡಿಯಾದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ಆ ಬಿಡಿಸುವ ಕೆಲಸವನ್ನೇ ವೋಗ್ಲಿಬೋಸ್ ತಡೆದು ಹಿಡಿದಿರುತ್ತದೆ. ಬೆಲ್ಲದಲ್ಲೂ ಬಹುಪಾಲು ಇದೇ ಇರುವುದು. 1933ರಲ್ಲಿ ಮೈಶುಗರ್ ಕಾರ್ಖಾನೆ ಕಟ್ಟಿಸಿಕೊಂಡ ಊರಿನವನಿಗೆ ಸಕ್ಕರೆ ಉಪಯೋಗಕ್ಕೆ ಬರಲ್ಲ ಅಂದರೆ ನಗು ಬರುತ್ತದೆ, ಆದರೂ ನಿಜ.

ನಿನಗೆ ಬೇಕಾದದ್ದು ಗ್ಲುಕೋಸ್ ಪುಡಿ. ಪ್ಯಾಕೆಟ್ಟಿನ ಹಿಂದೆ ಗ್ಲುಕೋಸ್ ಅಥವಾ ಡೆಕ್ಸ್‌ಟ್ರೋಸ್ ಅಂತ ಇರಬೇಕು. ಬಣ್ಣ, ರುಚಿ ಬೆರೆಸಿದ್ದರಲ್ಲಿ ಮಾಮೂಲಿ ಸಕ್ಕರೆ ಸೇರಿರಬಹುದು, ನೋಡಿ ತಗೋ. ಸುಮಾರು 15 ಗ್ರಾಂ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಿಗೆ ಹಾಕಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ನೋಡು. ಇನ್ನೂ ಕೆಳಗಿದ್ದರೆ ಇನ್ನೊಂದು ಸಲ ಅಷ್ಟೇ ಕುಡಿ. ಸರಿಹೋಯಿತು ಅಂತ ಎದ್ದು ಬೈಕ್ ಹತ್ತಬೇಡ. ಏನಾದರೂ ಊಟ ಮಾಡು. ಗ್ಲಿಮೆಪಿರೈಡ್ ಗಂಟೆಗಟ್ಟಲೆ ಕೆಲಸ ಮಾಡುವಂಥದ್ದು, ಮತ್ತೆ ಇಳಿಸಬಹುದು. ಅವತ್ತೇ ಡಾಕ್ಟರಿಗೆ ತಿಳಿಸು, ಡೋಸ್ ಬದಲಿಸಬೇಕಾಗಬಹುದು. ಒಂದು ಪೊಟ್ಟಣ ಟಿಫನ್ ಬ್ಯಾಗಿನಲ್ಲಿ, ಒಂದು ಕಾರ್ಖಾನೆಯ ಲಾಕರಿನಲ್ಲಿ ಇಟ್ಟಿರು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ನಿನಗೆ ಶುಗರ್ ಇದೆ ಅಂತ ಹೇಳು, ನಾಚಿಕೆ ಬೇಡ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹುಯ್ಯಬಾರದು, 108ಕ್ಕೆ ಫೋನ್ ಮಾಡಬೇಕು ಅಂತಲೂ ಅವರಿಗೆ ಗೊತ್ತಿರಲಿ.

ಮೊದಮೊದಲು ಹೊಟ್ಟೆ ಉಬ್ಬರ, ಗಾಳಿ, ಸ್ವಲ್ಪ ಭೇದಿ ಆಗಬಹುದು. ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಎರಡರ ಬುದ್ಧಿಯೂ ಅದೇ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಗ್ಗುತ್ತದೆ. ಮಾತ್ರೆ ದೊಡ್ಡದಾಯಿತು ಅಂತ ಮುರಿದೋ ಪುಡಿ ಮಾಡಿಯೋ ನುಂಗಬೇಡ. ಎಸ್‌ಆರ್ ಅಂದರೆ ನಿಧಾನವಾಗಿ ಬಿಡಲಿ ಅಂತ ಮಾಡಿದ್ದು, ಜಜ್ಜಿದರೆ ಒಟ್ಟಿಗೆ ಇಳಿದುಬಿಡುತ್ತದೆ.

ಜ್ವರ ಬಂದು ಊಟ ಸೇರದೆ ಹೋದರೆ, ಇಲ್ಲ ವಾಂತಿ ಭೇದಿ ಹಿಡಿದರೆ, ಮಾಮೂಲಿ ಹಾಗೆ ಮಾತ್ರೆ ನುಂಗುತ್ತಾ ಕೂರಬೇಡ. ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಹೊಟ್ಟೆ ಖಾಲಿಯಿದ್ದರೆ ಗ್ಲಿಮೆಪಿರೈಡ್ ಅಪಾಯ, ಮೈಯಲ್ಲಿ ನೀರು ಆರಿದರೆ ಮೆಟ್‌ಫಾರ್ಮಿನ್ ಅಪಾಯ. ಬಾಡೂಟದಲ್ಲಿ ಖಾಲಿ ಹೊಟ್ಟೆಗೆ ಎರಡು ಪೆಗ್ ಹಾಕುವವರಿಗೂ ಈ ಎರಡೇ ಕಾರಣ ಸಾಕು. ನೀನು ಕುಡಿಯಲ್ಲ ಅಂತ ನಿಮ್ಮವ್ವ ನಂಬಿದ್ದಾಳೆ, ನಾನು ಬರೆದಿಟ್ಟಿರುತ್ತೇನೆ ಅಷ್ಟೆ.

ಸ್ಟ್ರಿಪ್ ಕೊಳ್ಳುವಾಗ ದೊಡ್ಡ ಅಕ್ಷರದ ಹೆಸರು ನೋಡಬೇಡ, ಕೆಳಗಿನ ಸಣ್ಣ ಅಕ್ಷರ ಓದು. ಈ ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದರದು ಕೊಡುತ್ತಾರೆ. ಹಳೆಯದು ಒಂದು, ಹೊಸದು ಒಂದು ಅಂತ ಎರಡನ್ನೂ ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಒಳಗಿನ ಮೂರು ಹೆಸರು, ಅವುಗಳ ಮುಂದಿನ ಸಂಖ್ಯೆ, ಇಷ್ಟನ್ನು ಬಾಯಿಪಾಠ ಮಾಡು. ಅದೇ ಹೆಸರು ಅದೇ ಸಂಖ್ಯೆ ಇದ್ದರೆ ಜನೌಷಧಿ ಅಂಗಡಿಯದು ತಗೋ, ದುಡ್ಡು ಉಳಿಯುತ್ತದೆ. ಮಂಡಿ ನೋವಿಗೋ ಅಲರ್ಜಿಗೋ ಬೇರೆ ಡಾಕ್ಟರ ಹತ್ತಿರ ಹೋದರೆ ಮೊದಲು ಈ ಚೀಟಿ ತೋರಿಸು. ಸ್ಟಿರಾಯ್ಡ್ ಕೊಟ್ಟರೆ ಶುಗರ್ ಜಾಸ್ತಿ ಆಗುತ್ತದೆ, ಕೆಲವು ಆಂಟಿಬಯಾಟಿಕ್ ಗ್ಲಿಮೆಪಿರೈಡ್ ಜೊತೆ ಸೇರಿ ತೀರಾ ಇಳಿಸುತ್ತವೆ.

ಇನ್ನು ನಮ್ಮ ನೆಂಟರು ಸುಮ್ಮನಿರುತ್ತಾರಾ? ಹಾಗಲಕಾಯಿ ರಸ, ಮಧುನಾಶಿನಿ, ನೇರಳೆ ಬೀಜ, ಇನ್ಸುಲಿನ್ ಗಿಡದ ಎಲೆ, ಎಲ್ಲ ಬರುತ್ತವೆ. ಹಾಗಲಕಾಯಿ ಪಲ್ಯ ಧಾರಾಳವಾಗಿ ತಿನ್ನು. ಮಾತ್ರೆ ಬಿಟ್ಟು ಇವನ್ನು ಹಿಡಿಯಬೇಡ, ಮಾತ್ರೆ ಜೊತೆಗೆ ರಸ ಪುಡಿ ಕುಡಿಯುವುದಿದ್ದರೂ ಡಾಕ್ಟರಿಗೆ ಹೇಳಿಯೇ ಕುಡಿ. ಲೇಬಲ್ ಇಲ್ಲದ ಪುಡಿಯನ್ನಂತೂ ಮುಟ್ಟಲೇಬೇಡ. ಅಂಥವನ್ನು ಪರೀಕ್ಷೆ ಮಾಡಿದಾಗ ಒಳಗೆ ಇಂಗ್ಲಿಷ್ ಔಷಧಿಯೇ ಸಿಕ್ಕಿದ್ದುಂಟು. ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವವರ ಮಾತೂ ಅಷ್ಟೇ. ರಾಗಿಯಲ್ಲೂ ಪಿಷ್ಟ ಇದೆ. ಬಸ್ಸಾರು, ಸೊಪ್ಪು, ಕಾಳು ಜಾಸ್ತಿ ಇರಲಿ, ಮುದ್ದೆ ಚಿಕ್ಕದಿರಲಿ.

ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸು, ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತ ಪರೀಕ್ಷೆ ಅದು. 7ರ ಕೆಳಗೆ ಬಂದರೆ ಖುಷಿಪಡು, ಮಾತ್ರೆ ನಿಲ್ಲಿಸಬೇಡ. ಬಂದದ್ದು ಮಾತ್ರೆಯಿಂದಲೂ ಹೌದಲ್ವಾ? ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷೆ, ಕಣ್ಣು, ಪಾದ. ಕಿಡ್ನಿ ತೀರಾ ಕುಗ್ಗಿದವರಿಗೆ ಮೆಟ್‌ಫಾರ್ಮಿನ್ ಕೊಡುವ ಹಾಗಿಲ್ಲ. ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಿಗೆ ವಿಟಮಿನ್ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿಯುವುದೂ ಉಂಟು, ಶುಗರಿನದೇ ಇರಬೇಕು ಅಂತ ಸುಮ್ಮನಾಗಿಬಿಡುತ್ತಾರೆ. ನಿನಗೆ ಅದು ಇನ್ನೂ ದೂರ.

ಇವತ್ತೇ ಮಾಡಬೇಕಾದ್ದು ಒಂದಿದೆ. ನಿಮ್ಮವ್ವನ ಬಿಪಿ ಮಾತ್ರೆಯೂ ನಿನ್ನದೂ ಫ್ರಿಜ್ ಮೇಲಿನ ಒಂದೇ ಸ್ಟೀಲ್ ಡಬ್ಬಿಯಲ್ಲಿರುವುದನ್ನು ಹೋದ ಸಲ ಬಂದಾಗ ನೋಡಿದೆ. ಬೇರೆ ಡಬ್ಬಿ ಮಾಡು. ಪಾಪು ಈಗ ಕುರ್ಚಿ ಹತ್ತುತ್ತಾಳೆ, ಬೀಗ ಹಾಕುವ ಕಪಾಟಿನಲ್ಲಿಡು. ಗ್ಲಿಮೆಪಿರೈಡ್ ಇರುವ ಒಂದೇ ಮಾತ್ರೆ ಸಾಕು, ಆ ವಯಸ್ಸಿನ ಮಗುವಿನ ಜೀವಕ್ಕೆ ಕುತ್ತು ತರಲು. ಅಪ್ಪಿತಪ್ಪಿ ನುಂಗಿದರೆ ಚೆನ್ನಾಗಿ ಆಡುತ್ತಿದ್ದರೂ ಕಾಯಬೇಡ, ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡು, ಶುಗರ್ ತಡವಾಗಿಯೂ ಇಳಿಯುತ್ತದೆ. ಕಪಾಟಿಗೆ ಬೀಗ ಹಾಕಿದ ಮೇಲೆ ನನಗೊಂದು ಫೋನ್ ಮಾಡು.

ಇಂತಿ
ನಿನ್ನ ದೊಡ್ಡಪ್ಪ